ತಂದೆಯ ಹೆಸರಿನ ಕಾಲಂ

(ಅಲಖನೂರಿನಲ್ಲಿ ಹುಣ್ಣಿಮೆಯ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಮಾಡಿದ ಭಾಷಣದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ ‘ಶರಣರು ಮತ್ತು ಮಾನವ ಹಕ್ಕುಗಳು’. ಈ ವಿಷಯದ ಮೇಲೆ ಒಂದು ತಾಸು ನಿರರ್ಗಳವಾಗಿ ಮಾತಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನು ಅವರಲ್ಲಿ ಒಬ್ಬನಲ್ಲ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸರ್ಕಾರಿ ನೌಕರಿಯಲ್ಲಿ ಕಾಲುವೆ, ಗೇಟು, ಸಣ್ಣ ಸೇತುವೆ ಅಂತ ಬಿಸಿಲಲ್ಲಿ ತಿರುಗಿದವನು. ಆದ್ದರಿಂದ ನಿವೃತ್ತಿಯಾದ ಮೇಲೆ ನಾನು ಮಾಡುತ್ತಿರುವ ಒಂದು ಸಣ್ಣ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗಿದೆ. ಅದನ್ನು ಹೇಳಬೇಕೆಂದೇ ಬಂದಿದ್ದೇನೆ.

ನಿವೃತ್ತಿಯಾದ ವರ್ಷ ನನ್ನ ಹಳೆಯ ಸ್ನೇಹಿತರೊಬ್ಬರು, ವಕೀಲರು, ಮನೆಗೆ ಬಂದರು. ದೇವದಾಸಿ ತಾಯಂದಿರ ಅರ್ಜಿ, ಮೇಲ್ಮನವಿಗಳನ್ನು ಅವರು ಫೀ ಇಲ್ಲದೆ ನೋಡುತ್ತಿದ್ದರು. ಎರಡು ಗೋಣಿಚೀಲದ ತುಂಬ ಕಾಗದ ತಂದು ಪಡಸಾಲೆಯಲ್ಲಿ ಇಟ್ಟು, “ನೀವು ಎಂ.ಬಿ. ಬರದವರು, ಇವನ್ನ ಒಂದ ಚೂರು ಜೋಡಿಸಿ ಕೊಡ್ರಿ” ಅಂದರು. ಅಂದಿನಿಂದ ನನ್ನ ಹುದ್ದೆ ‘ಕಾನೂನು ಮತ್ತು ಸಂಶೋಧನಾ ಸಹಾಯಕ’. ಸಂಬಳ ಇಲ್ಲ, ಬಸ್ ಚಾರ್ಜು, ಎರಡು ಹೊತ್ತು ಚಹಾ.

ಎಂಜಿನಿಯರಿಗೆ ಇಲ್ಲೇನು ಕೆಲಸ ಅಂತ ನನ್ನ ಮಗನೂ ಕೇಳಿದ. ನಮ್ಮ ಧಾರವಾಡದ ಎಸ್. ಆರ್. ಹಿರೇಮಠರು ಎಂಜಿನಿಯರಿಂಗ್ ಓದಿದವರೇ. ಹಳ್ಳಿಯವರ ಗಾಯರಾಣದ ಪ್ರಶ್ನೆ ಹಿಡಿದು, ಶಿವರಾಮ ಕಾರಂತರಂಥವರನ್ನು ಜೊತೆಗೆ ಕರಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋದವರು. ಅಷ್ಟು ದೊಡ್ಡ ಮಾತು ನನಗೆ ಬೇಡ. ಎಂ.ಬಿ. ಎಂದರೆ ಅಳತೆಯ ಪುಸ್ತಕ, ಅದೇ ಸಾಕು. ಸೈಟಿನಲ್ಲಿ ನಿಂತು ಅಳೆದು, ಅಲ್ಲೇ ಶಾಯಿಯಲ್ಲಿ ಬರೆಯಬೇಕು. ಪುಟಕ್ಕೆ ನಂಬರು ಇರುತ್ತದೆ, ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಸಹಿ ಮಾಡಬೇಕು. ಅಳೆಯದೆ ಬರೆದರೆ ನೌಕರಿ ಹೋಗುತ್ತದೆ. ಬರೆಯದೆ ಬಿಟ್ಟರೆ ಕೂಲಿಯವನ ದುಡ್ಡು ಹೋಗುತ್ತದೆ. ನೊಂದವರ ಹೇಳಿಕೆ ಬರೆದುಕೊಳ್ಳುವುದಕ್ಕೂ ಇವೇ ನಿಯಮ ಸಾಕು ಅಂತ ನಾನು ತಿಳಿದಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯಲ್ಲಿ ‘ಮುತ್ತು ಕಟ್ಟುವುದು’ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿ ಗುಡ್ಡ ನಮಗೆ ದೂರವಲ್ಲ. ಅಥಣಿ ತಾಲೂಕಿನ ಕೊಕಟನೂರ ಯಲ್ಲಮ್ಮನ ಜಾತ್ರೆ ಇನ್ನೂ ಹತ್ತಿರ. ಇದನ್ನು ತಡೆಯುವ ಕಾನೂನು ಹೊಸದೂ ಅಲ್ಲ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಯ ಕಾಯ್ದೆ ಬಂದಿತ್ತು. ಮುತ್ತು ಕಟ್ಟುವುದು ಕಾನೂನುಬಾಹಿರ, ದೇವದಾಸಿ ಮದುವೆಯಾದರೆ ಆ ಮದುವೆ ಊರ್ಜಿತ ಎಂದು ಅದು ಹೇಳಿತ್ತು. ಆಮೇಲೆ ಕರ್ನಾಟಕದ 1982ರ ಕಾಯ್ದೆ 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ, ಹೆತ್ತವರು, ಬಳಗದವರೇ ಮಾಡಿಸಿದ್ದರೆ ಐದು ವರ್ಷದವರೆಗೆ ಸಜೆ ಇತ್ತು. ಪರಿಣಾಮ ಏನಾಯಿತೆಂದರೆ, ಮುತ್ತು ಕಟ್ಟುವುದು ಗುಡಿಯಿಂದ ಮನೆಯೊಳಗೆ ಸರಿಯಿತು. 2016ರ ಫೆಬ್ರುವರಿಯಲ್ಲೂ ಸುಪ್ರೀಂ ಕೋರ್ಟು ಈ ಕಾಯ್ದೆಗಳನ್ನು ಬಿಗಿಯಾಗಿ ಜಾರಿ ಮಾಡಿರೆಂದು ರಾಜ್ಯಗಳಿಗೆ ಹೇಳಬೇಕಾಯಿತು ಅಂದರೆ ಅರ್ಥ ಮಾಡಿಕೊಳ್ಳಿ.

ಎಷ್ಟು ಜನ? ಸರ್ಕಾರ ಎರಡು ಸಲ ಎಣಿಸಿತು. 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ ಮತ್ತೆ 23,787. ಒಟ್ಟು 46,660 ತಾಯಂದಿರು. ಈ ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ, ಎಲ್ಲಕ್ಕೂ ದಾರಿ. ಹೆಸರಿಲ್ಲದಿದ್ದರೆ, ಆಕೆ ಎಷ್ಟೇ ನೊಂದಿರಲಿ, ಕಚೇರಿಯ ಲೆಕ್ಕದಲ್ಲಿ ಆಕೆ ದೇವದಾಸಿಯೇ ಅಲ್ಲ. ಎಣಿಸಲು ಬಂದ ದಿನ ಕಬ್ಬು ಕಡಿಯಲು ಹೋಗಿದ್ದವಳು, ಸಾಂಗಲಿಯಲ್ಲಿ ದುಡಿಯಲು ಹೋಗಿದ್ದವಳು, ನಾಚಿಕೆಯಿಂದ ಒಳಗೆ ಕೂತವಳು ಬಿಟ್ಟುಹೋದರು. 2025ರಲ್ಲಿ ಮರುಸಮೀಕ್ಷೆ ಶುರುವಾಗುವವರೆಗೆ ಹೀಗೇ ನಡೆಯಿತು.

ನಮ್ಮ ಕೆಲಸದಲ್ಲಿ ಸಂಶೋಧನೆ ಅಂದರೆ ದೊಡ್ಡ ಗ್ರಂಥವಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ತಾಯಿ ಬಂದರು. ಪಟ್ಟಿಯಲ್ಲಿ ಹೆಸರಿದೆ, ಆದರೂ ಮಾಸಾಶನ ಇಲ್ಲ. 45 ದಾಟಿದವರಿಗೆ ಮಾತ್ರ ಮಾಸಾಶನ. ಆಕೆಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1-1-1982. ನಮ್ಮ ಹಳ್ಳಿಗಳಲ್ಲಿ ಅರ್ಧ ಊರು ಜನವರಿ ಒಂದಕ್ಕೇ ಹುಟ್ಟಿರುತ್ತದೆ, ನಿಮಗೆ ಗೊತ್ತು.

“ಯಕ್ಕಾ, ನಿಮ್ಮ ವಯಸ್ಸು ಎಷ್ಟ್ರಿ?” ಅಂತ ಕೇಳಿದೆ.

“ನನಗೇನ್ ಗೊತ್ತರಿ ಸಾಹೇಬ್ರ. ದೊಡ್ಡ ಬರಗಾಲದಾಗ ನಾ ಹೊಟ್ಟ್ಯಾಗಿದ್ದೆ ಅಂತ ನಮ್ಮವ್ವ ಅಂತಿದ್ಲ್ರಿ.”

ದೊಡ್ಡ ಬರಗಾಲ ಅಂದರೆ 1972. “ಮುತ್ತು ಕಟ್ಟಿದ್ದು ಯಾವಾಗ?” ಅಂದೆ. “ಇಂದಿರಾ ಗಾಂಧಿ ಸತ್ತ ಮುಂದಿನ ಭಾರತ ಹುಣ್ಣಿವಿ.” ಅಂದರೆ 1985ರ ಮೊದಲ ತಿಂಗಳುಗಳು. ಹನ್ನೆರಡು ವರ್ಷದ ಹುಡುಗಿ. ಅಷ್ಟರಲ್ಲಿ ಕಾಯ್ದೆ ಜಾರಿಗೆ ಬಂದಾಗಿತ್ತು. ಆದರೆ ಬಾಯಿಮಾತು ಕಚೇರಿಗೆ ನಡೆಯುವುದಿಲ್ಲ. ಆಕೆಯ ಹಿರಿಯ ಮಗ ಯಾವ ಶಾಲೆಗೆ ಹೋಗಿದ್ದ ಅಂತ ಕೇಳಿ, ಅಲ್ಲಿಗೆ ಹೋಗಿ ದಾಖಲಾತಿ ರಜಿಸ್ಟರಿನ ಪ್ರತಿ ತೆಗೆಸಿದೆವು. ಮಗ ಹುಟ್ಟಿದ್ದು 1990. ಆಧಾರ್ ಕಾರ್ಡು ನಿಜವಾದರೆ ಈ ತಾಯಿ ಎಂಟನೆಯ ವರ್ಷಕ್ಕೆ ಹಡೆದಿರಬೇಕು! ಈ ಒಂದು ಕೂಡು-ಕಳೆಯುವ ಲೆಕ್ಕವನ್ನು ಅರ್ಜಿಯ ಮೊದಲ ಪ್ಯಾರಾದಲ್ಲಿ ಬರೆದೆ. ಸರ್ಕಾರಿ ಆಸ್ಪತ್ರೆಯಿಂದ ವಯಸ್ಸಿನ ದೃಢೀಕರಣ ಪತ್ರ ಮಾಡಿಸಿ ಹಚ್ಚಿದೆವು. ಆರು ತಿಂಗಳು ಹಿಡಿಯಿತು, ಆದರೆ ಆಯಿತು.

ಇದಕ್ಕೆ ಬೇಕಾದ ಸಲಕರಣೆ ಬಹಳ ಅಗ್ಗ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಶಬ್ದದೊಳಗೆ. ಎಸ್ಟಿಮೇಟಿನ ಟಿಪ್ಪಣಿ ಬರೆದು ರೂಢಿ ಇದ್ದವನಿಗೆ 150 ಶಬ್ದ ಹೆಚ್ಚೇ ಆಯಿತು. ಮೂವತ್ತು ದಿನ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವ ಹೆಣ್ಣುಮಗಳಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು. ತಾಲೂಕು ಕೋರ್ಟಿನ ಆವರಣದಲ್ಲೇ ಸಮಿತಿ ಇರುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ದೂರು ಬರೆಯಬಹುದು, ಫೀ ಇಲ್ಲ. ಒಂದು ಎಚ್ಚರ ಮಾತ್ರ ಬೇಕು: ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ನಾವು ಮೊದಲು ಕೇಳುವುದು ದುಃಖವನ್ನಲ್ಲ, ತಾರೀಖನ್ನು. ಮೊದಮೊದಲು ನನಗೇ ಇದು ಕಲ್ಲುಮನಸ್ಸಿನ ಕೆಲಸ ಅನಿಸುತ್ತಿತ್ತು.

ನಾನು ಈ ಕೆಲಸ ಕಲಿತದ್ದು ಪುಸ್ತಕದಿಂದ ಅಂತ ತಿಳಿಯಬೇಡಿ. ಆ ತಾಯಂದಿರೇ ಕಲಿಸಿದರು. ನಮ್ಮ ಪಕ್ಕದ ಘಟಪ್ರಭಾದಲ್ಲಿ 1997ರಲ್ಲಿ ಅವರೇ ಕಟ್ಟಿಕೊಂಡ ‘ಮಾಸ್’ ಎಂಬ ಸಂಸ್ಥೆ ಇದೆ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ಸೀಮೆಯ ಕಬ್ಬೂರಿನವರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮೂರುಗಳಲ್ಲಿ ಎಷ್ಟು ಕಡೆ ಸತ್ಕಾರ ಮಾಡಿದೆವು, ನೀವೇ ಲೆಕ್ಕ ಹಾಕಿಕೊಳ್ಳಿ.

ಇನ್ನು ನನ್ನ ತಪ್ಪಿನ ಮಾತು.

ಒಬ್ಬ ತಾಯಿ, ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಮಗ ಗೌಂಡಿ ಕೆಲಸ ಮಾಡುತ್ತಾನೆ. ಮೊಮ್ಮಗಳು ಕಾಲೇಜು ಸೇರಿದ್ದಳು, ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ ಬೇಕಿತ್ತು. ಎರಡು ಸಲ ಅರ್ಜಿ ವಾಪಸು ಬಂದಿತ್ತು, ‘ವಂಶಾವಳಿ ಅಪೂರ್ಣ’ ಅಂತ. ಶಾಲೆಯ ದಾಖಲೆಯಲ್ಲಿ ಮಗನ ತಂದೆಯ ಹೆಸರಿನ ಜಾಗದಲ್ಲಿ ಸೋದರಮಾವನ ಹೆಸರು ಬರೆಸಿದ್ದರು. ಆ ಕಾಲಕ್ಕೆ ಮಾಸ್ತರರು ಕಾಲಂ ಖಾಲಿ ಬಿಡುತ್ತಿರಲಿಲ್ಲ. ಈಗ ತಲಾಟಿಯವರು ಕೇಳುತ್ತಾರೆ, ತಾಯಿಯ ಅಣ್ಣ ತಂದೆ ಹೇಗಾದ? ಕೇಳುವುದರಲ್ಲಿ ಅವರ ತಪ್ಪಿಲ್ಲ.

ನಾನು ಹೇಳಿಕೆ ಬರೆದುಕೊಳ್ಳಲು ಕೂತೆ. ಮಗ ಕೆಲಸಕ್ಕೆ ಹೋಗಿದ್ದ. ಹೆಸರು, ಹುಟ್ಟಿದ ಊರು, ಮುತ್ತು ಕಟ್ಟಿದ ವರ್ಷ, ಎಲ್ಲ ಆಯಿತು. “ಮಗನ ತಂದಿ ಹೆಸರು ಹೇಳಬೇಕಂತ ಒತ್ತಾಯ ಇಲ್ರಿ ಅವ್ವಾ. ಹೇಳೂದಿದ್ರ ಹೇಳ್ರಿ” ಅಂದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

“ನಿಮ್ಮ ಕಾಕಾನ್ರಿ” ಅಂದರು.

ನಮ್ಮ ಕಾಕಾ. ನಮ್ಮಪ್ಪನ ತಮ್ಮ. ದಿನಾ ಸ್ನಾನ ಮಾಡಿ ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. ಮಠದ ದಾಸೋಹಕ್ಕೆ ಪ್ರತಿ ವರ್ಷ ಚೀಲ ಜೋಳ ಕಳಿಸುತ್ತಿದ್ದರು. ನಾನು ಎಂಜಿನಿಯರಿಂಗ್ ಓದಲು ಹೋದಾಗ ಎರಡು ವರ್ಷ ಹಾಸ್ಟೆಲಿನ ದುಡ್ಡು ಕಟ್ಟಿದವರು ಅವರೇ. ತೀರಿಕೊಂಡು ಬಹಳ ವರ್ಷವಾಯಿತು. ಸುಳ್ಳಿರಬಹುದೇ ಅಂತ ಒಂದು ಕ್ಷಣ ನಾನೂ ಅಂದುಕೊಂಡೆ. ಆದರೆ ಆಕೆ ನಮ್ಮ ತೋಟದ ಬಾವಿ, ಅದರ ದಂಡೆಯ ಬೇವಿನ ಮರ, ಕಾಕಾ ಎಡಗಾಲು ಎಳೆದು ನಡೆಯುತ್ತಿದ್ದುದು, ಎಲ್ಲ ಹೇಳಿದರು. ನಾನು ಕೇಳದೇ ಹೇಳಿದರು.

ನನ್ನ ಪೆನ್ನು ನಿಂತಿತು. ಆಮೇಲೆ ಆ ಕಾಲಮಿನಲ್ಲಿ ‘ತಿಳಿದಿಲ್ಲ’ ಅಂತ ಬರೆದೆ.

ನನಗೆ ನಾನು ಸಮಾಧಾನ ಹೇಳಿಕೊಂಡೆ. ಸುಪ್ರೀಂ ಕೋರ್ಟು 2015ರಲ್ಲಿ, ಮದುವೆಯಾಗದ ತಾಯಿ ಮಗುವಿನ ತಂದೆಯ ಹೆಸರು ಹೇಳಲೇಬೇಕಿಲ್ಲ ಎಂದು ತೀರ್ಪು ಕೊಟ್ಟಿದೆ. ಜಾತಿಯ ವಿಷಯಕ್ಕೆ 2012ರ ಇನ್ನೊಂದು ತೀರ್ಪು ಇದೆ, ಗುಜರಾತದಿಂದ ಹೋದ ಪ್ರಕರಣ. ತಂದೆ ಮೇಲ್ಜಾತಿಯವನಾದರೂ ಮಗು ತಾಯಿಯ ಸಮುದಾಯದಲ್ಲೇ ಬೆಳೆದು ಅದೇ ಕಷ್ಟ ಉಂಡಿದ್ದರೆ ತಾಯಿಯ ಜಾತಿಯೇ ಆಗಬಹುದು, ಅದನ್ನು ಪುರಾವೆ ನೋಡಿ ನಿರ್ಣಯಿಸಬೇಕು ಎಂದು ಅದು ಹೇಳುತ್ತದೆ. ಅಂದಮೇಲೆ ಹೆಸರು ಬೇಕಾಗಿಯೇ ಇಲ್ಲ; ಬರೆದರೆ ತಲಾಟಿ ಕಚೇರಿಯಲ್ಲಿ ಗೊಂದಲವೇ ಹೆಚ್ಚು. ಕಾನೂನಿನ ಪ್ರಕಾರ ನಾನು ಮಾಡಿದ್ದು ಸರಿ ಅಂತ ಮನೆಗೆ ಬಂದು ಉಂಡು ಮಲಗಿದೆ. ನಿದ್ದೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬಂತು.

ನಾಲ್ಕು ದಿನ ಬಿಟ್ಟು ಆ ಮಗ ಕಾಗದ ಹಿಡಿದು ಬಂದ. ಒಳಗೆ ಬರಲಿಲ್ಲ. ಕಟ್ಟೆಯ ಹತ್ತಿರ ನಿಂತೇ ಕೇಳಿದ:

“ಸಾಹೇಬ್ರ, ಇಲ್ಲಿ ತಿಳಿದಿಲ್ಲ ಅಂತ ಬರದೀರಲ್ರಿ. ನಮ್ಮವ್ವಗ ತಿಳದಿಲ್ಲೇನ್ರಿ? ನಮ್ಮವ್ವ ಅಂಥಾಕಿ ಅಲ್ರಿ.”

ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ನಾನು ನಲವತ್ತು ಎಂ.ಬಿ. ತುಂಬಿದ್ದೇನೆ, ಒಂದು ಅಳತೆಯೂ ಸುಳ್ಳು ಬರೆದಿಲ್ಲ ಅಂತ ನಿವೃತ್ತಿಯ ದಿನ ಭಾಷಣ ಮಾಡಿದವನು. ‘ಹೇಳಲು ಇಚ್ಛೆಯಿಲ್ಲ’ ಅನ್ನುವುದು ಆ ತಾಯಿಯ ಹಕ್ಕು. ‘ತಿಳಿದಿಲ್ಲ’ ಅನ್ನುವುದು ಆಕೆಯ ಮೇಲೆ ನಾನು ಹೊರಿಸಿದ ಅಪವಾದ. ಎರಡರಲ್ಲಿ ಯಾವುದನ್ನು ಬರೆದರೂ ಅರ್ಜಿಯ ಗತಿ ಒಂದೇ. ಆದರೆ ಒಂದು ಶಬ್ದದಲ್ಲಿ ನಾನು ನಮ್ಮ ಮನೆತನವನ್ನು ಉಳಿಸಿ ಅವರ ಮನೆತನವನ್ನು ಮುಳುಗಿಸಿದ್ದೆ. ಆ ತಾಯಿಗೆ ಓದಲು ಬರುವುದಿಲ್ಲ. ಅದು ನನಗೆ ಗೊತ್ತಿದ್ದೇ ಬರೆದಿದ್ದೆ.

ನಾನು ನನ್ನ ಮನೆಯವರನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಆ ಕಾಗದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, “ಈಗ ಹೇಳ್ರಿ ಅವ್ವಾ, ಏನ್ ಬರೀಲಿ?” ಅಂದೆ. ತಾಯಿ ಮಗನ ಮುಖ ನೋಡಿದರು. ಮಗನೇ ಹೇಳಿದ: “ಕಾಗದದಾಗ ಹೆಸರು ಬ್ಯಾಡ್ರಿ. ಮಗಳ ಸರ್ಟಿಫಿಕೇಟ ಮತ್ತ ತಡಾ ಆಕ್ಕೈತಿ. ನನಗ ಹೊಲ ಬ್ಯಾಡ, ಮನಿ ಬ್ಯಾಡ. ಬಾಯಾಗ ಹೇಳ್ರಿ. ಯಾರ ಮುಂದ ಹೇಳಬೇಕೋ ಅವರ ಮುಂದ ಹೇಳ್ರಿ.”

ಕಾಲಮಿನಲ್ಲಿ ‘ತಾಯಿ ಹೇಳಲು ಇಚ್ಛಿಸಿಲ್ಲ’ ಎಂದು ಬರೆದೆ. ತಾಯಿಯ ಕಡೆಯ ವಂಶಾವಳಿ ಮಾಡಿ, ಎರಡೂ ತೀರ್ಪುಗಳ ಸಾರಾಂಶವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಹಚ್ಚಿದೆವು. ಮೂರನೆಯ ಸಲಕ್ಕೆ ಹುಡುಗಿಗೆ ಪ್ರಮಾಣಪತ್ರ ಸಿಕ್ಕಿತು. 2025ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಹೊಸ ಕಾಯ್ದೆಯಲ್ಲಿ ಈ ಮಕ್ಕಳ ಮಾತು ಬಂದಿದೆ. ದಾಖಲೆಗಳಲ್ಲಿ ತಂದೆಯ ಹೆಸರಿಗಾಗಿ ಅವರನ್ನು ಒತ್ತಾಯಿಸುವಂತಿಲ್ಲ. ಬೇಕೆಂದವರು ತಂದೆ ಯಾರೆಂದು ನಿರ್ಣಯಿಸಿಕೊಡಿ ಎಂದು ಕೇಳಲೂ ಬಹುದು. ಆ ಎರಡನೆಯ ಭಾಗ ಓದಿದಾಗ ನಮ್ಮಂಥ ಎಷ್ಟು ಮನೆಗಳಲ್ಲಿ ಎದೆ ಬಡಿದುಕೊಂಡಿರಬಹುದು ಅಂತ ಯೋಚನೆ ಬಂತು.

ಶರಣ ಬಂಧುಗಳೆ, ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಮದುವೆಯ ಸಂಬಂಧ ಆಯಿತೆಂದು ಕಲ್ಯಾಣ ಹೊತ್ತಿ ಉರಿಯಿತು. ಆ ಕಥೆಯನ್ನು ನಾವು ವರ್ಷವರ್ಷವೂ ನಾಟಕ ಆಡುತ್ತೇವೆ. ನಮ್ಮ ಊರುಗಳಲ್ಲಿ ಅದೇ ಎರಡು ಓಣಿಗಳ ನಡುವೆ, ಮದುವೆ ಇಲ್ಲದೆ, ನೂರಾರು ವರ್ಷ ಸಂಬಂಧ ನಡೆದಿದೆ. ಯಾರ ಮನೆಯ ಚಪ್ಪರವೂ ಸುಡಲಿಲ್ಲ. ಮುತ್ತು ಕಟ್ಟಿಸಿಕೊಂಡವರು ಬಹುಪಾಲು ಹೊಲೆಯ, ಮಾದಿಗ ಓಣಿಯ ಹುಡುಗಿಯರು. ಇಟ್ಟುಕೊಂಡವರ ಸಮೀಕ್ಷೆಯನ್ನು ಸರ್ಕಾರ ಯಾವ ವರ್ಷವೂ ಮಾಡಲಿಲ್ಲ. ಮಾಡಿದ್ದರೆ ಅದರಲ್ಲಿ ವಿಭೂತಿ ಹಚ್ಚಿದ ಹಣೆಗಳು ಎಷ್ಟಿರುತ್ತಿದ್ದವು? ಅನುಭವ ಮಂಟಪದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆ ಎಂಬ ತಾಯಿ ಇದ್ದಾರೆ, ಅವರದು ಒಂದೇ ವಚನ ಸಿಕ್ಕಿದೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರು ತಮ್ಮ ಕಸುಬಿನ ಹೆಸರು ಹಚ್ಚಿಕೊಂಡೇ ಎಲ್ಲರ ನಡುವೆ ಕೂತರು. ನಮ್ಮ ಅನುಭಾವ ಗೋಷ್ಠಿಗಳಿಗೆ ಆ ಓಣಿಯ ತಾಯಂದಿರನ್ನು ಕಸ ಹೊಡೆಯಲು ಬಿಟ್ಟು ಬೇರೆ ಕೆಲಸಕ್ಕೆ ಕರೆದಿದ್ದೇವೆಯೇ? ಈ ಪ್ರಶ್ನೆ ನಾನು ನಿಮಗೆ ಕೇಳುತ್ತಿಲ್ಲ; ನಮ್ಮ ಮನೆಯವನಾಗಿ ನನಗೇ ಕೇಳಿಕೊಳ್ಳುತ್ತಿದ್ದೇನೆ.

ಈ ಮಾತನ್ನು ಇಲ್ಲಿ ಹೇಳಲು ಆ ತಾಯಿಯ, ಮಗನ ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು, ಊರು ಹೇಳುವುದಿಲ್ಲ, ಯಾರೂ ಕೇಳಬಾರದು. ನಮ್ಮ ಕಾಕಾನ ವಿಷಯ ಹೇಳುವ ಮೊದಲು ಅವರ ಮಕ್ಕಳಿಗೂ ತಿಳಿಸಿದೆ. ಒಬ್ಬ ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇನ್ನೊಬ್ಬ, “ಅಣ್ಣಾ, ಅಂವ ನಮ್ಮಪ್ಪನಗತೆ ಕಾಲ ಎಳಿತಾನೇನ?” ಅಂತ ಕೇಳಿದ. ಎಳೆಯುವುದಿಲ್ಲ. ಆದರೆ ನಗುವಾಗ ಕಣ್ಣು ಹಾಗೇ ಸಣ್ಣಗಾಗುತ್ತವೆ. ನಮ್ಮ ಕಾಕಾನಿಗೆ ಇಬ್ಬರು ಗಂಡುಮಕ್ಕಳು ಅಂತ ಇಷ್ಟು ವರ್ಷ ನಾನು ಎಲ್ಲರಿಗೂ ಹೇಳುತ್ತಿದ್ದೆ. ಮೂವರು.

ಅವನಿಗೆ ಇಂದು ಬಾ ಅಂದಿದ್ದೆ. ಸ್ಲ್ಯಾಬ್ ಹಾಕುವ ದಿನ, ಬರಲು ಆಗುವುದಿಲ್ಲ ಅಂದ. ಸ್ಲ್ಯಾಬ್ ಹಾಕುವಾಗ ಗೌಂಡಿ ಬಿಟ್ಟು ಬರಬಾರದು, ಅದು ನನಗೂ ಗೊತ್ತು.

ಕೊನೆಗೆ ಒಂದು ಸೂಚನೆ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಗದಪತ್ರ ನೋಡಲು ನಾನು ಕೂರುತ್ತೇನೆ. ರೇಶನ್ ಕಾರ್ಡು, ಆಧಾರ್, ಮಕ್ಕಳ ಶಾಲೆಯ ಟಿ.ಸಿ., ಇದ್ದಷ್ಟು ತನ್ನಿರಿ. ಇಲ್ಲದಿದ್ದರೆ ಬರಿಗೈಯಿಂದ ಬಂದರೂ ನಡೆಯುತ್ತದೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಅಕ್ಷರ ಸ್ಪಷ್ಟ ಇರುವ ಇಬ್ಬರು ಹುಡುಗರು ಅಥವಾ ಹುಡುಗಿಯರು ಬರೆದುಕೊಳ್ಳಲು ಬೇಕಾಗಿದ್ದಾರೆ. ಹೆಸರನ್ನು ಗೋಷ್ಠಿ ಮುಗಿದ ಮೇಲೆ ನನ್ನ ಹತ್ತಿರ ಬರೆಸಿರಿ.